ಊರಿನ ಸರವೈಯು

ಗುಜರಾತಿಯಲ್ಲಿ 'ಸರವೈಯು' ಅಂತ ಒಂದು ಶಬ್ದ ಇದೆ. ನಾವು ಬಿ.ಕಾಂ. ಓದಿದವರು ಬ್ಯಾಲೆನ್ಸ್ ಶೀಟ್ ಅನ್ನುತ್ತೇವಲ್ಲ, ಅದೇ. ಆದರೆ ಇಲ್ಲಿನ ಜನ ಅದನ್ನು ಬರೀ ಲೆಕ್ಕದ ಪುಸ್ತಕಕ್ಕೆ ಸೀಮಿತ ಮಾಡಿಲ್ಲ. ವರ್ಷವಿಡೀ ಏನು ಬಂತು, ಏನು ಹೋಯಿತು, ಕೈಯಲ್ಲಿ ಏನು ಉಳಿಯಿತು ಅನ್ನುವ ಯಾವ ಹಿನ್ನೋಟಕ್ಕಾದರೂ ಸರವೈಯು ಅನ್ನುತ್ತಾರೆ. ದೀಪಾವಳಿಯ ರಾತ್ರಿ ಅಂಗಡಿಗಳಲ್ಲಿ ಚೋಪಡಾ ಪೂಜೆ ನಡೆಯುವುದನ್ನು ನೀವೂ ನೋಡಿರುತ್ತೀರಿ. ಕೆಂಪು ಬಟ್ಟೆಯ ರಟ್ಟಿನ ಲೆಕ್ಕದ ಪುಸ್ತಕಕ್ಕೆ ಕುಂಕುಮ ಇಟ್ಟು, ಹಳೆಯ ವರ್ಷದ ಖಾತೆ ಮುಚ್ಚಿ, ಲಾಭ ಪಂಚಮಿಗೆ ಮತ್ತೆ ಬಾಗಿಲು ತೆರೆಯುತ್ತಾರೆ. ಈಗ ಲೆಕ್ಕವೆಲ್ಲ ಕಂಪ್ಯೂಟರಿನಲ್ಲಿದ್ದರೂ ಪೂಜೆ ಮಾತ್ರ ತಪ್ಪಿಲ್ಲ.

ಅಂಗಡಿಗೆ ಸರವೈಯು ಇದ್ದ ಹಾಗೆ ಊರಿಗೂ ಒಂದು ಇದೆ. ಪ್ರತಿವರ್ಷ ಜನವರಿ ಕೊನೆ, ಫೆಬ್ರವರಿ ಹೊತ್ತಿಗೆ ಅಹಮದಾಬಾದ್, ವಡೋದರಾ, ಸೂರತ್ ಮೂರೂ ಕಡೆ ಮ್ಯುನಿಸಿಪಲ್ ಕಮಿಷನರ್ ಕರಡು ಬಜೆಟ್ ತಯಾರಿಸಿ ಸ್ಥಾಯಿ ಸಮಿತಿಯ ಮುಂದಿಡುತ್ತಾರೆ. ಸಮಿತಿ ಅಲ್ಲಿಷ್ಟು ಕಡಿದು ಇಲ್ಲಿಷ್ಟು ಸೇರಿಸುತ್ತದೆ. ಆಮೇಲೆ ಚುನಾಯಿತ ಸದಸ್ಯರ ಸಾಮಾನ್ಯ ಸಭೆಯಲ್ಲಿ ಚರ್ಚೆ, ಒಪ್ಪಿಗೆ. ಏಪ್ರಿಲ್ 1ರಿಂದ ಜಾರಿ. ವರ್ಷ ಮುಗಿದ ಮೇಲೆ ಆಡಳಿತ ವರದಿ ಮತ್ತು ಲೆಕ್ಕಪತ್ರ. ಕಾನೂನಿನಲ್ಲಿ ಎಲ್ಲವೂ ಅಚ್ಚುಕಟ್ಟಾಗಿದೆ.

ನಾವು ಇಲ್ಲಿನ ಕನ್ನಡಿಗರು ಇದನ್ನು ಹೇಗೆ ಓದುತ್ತೇವೆ? ಮೊದಲ ಪ್ರಶ್ನೆ, "ವೇರೋ ಹೆಚ್ಚಾಯ್ತಾ?" ಅಂದರೆ ಮನೆ ತೆರಿಗೆ. ಹೆಚ್ಚಿಲ್ಲ ಅಂತ ಗೊತ್ತಾದರೆ ಪುಟ ತಿರುಗಿಸಿ ಕ್ರಿಕೆಟ್ಟಿಗೆ ಹೋಗುತ್ತೇವೆ. ಊರಲ್ಲಿ ನಮ್ಮ ಗ್ರಾಮ ಪಂಚಾಯಿತಿಯಲ್ಲಿ ಯಾರು ಯಾವ ಚರಂಡಿಯ ದುಡ್ಡು ತಿಂದರು ಅಂತ ಇಲ್ಲಿ ಕೂತೇ ಫೋನಿನಲ್ಲಿ ವಿಚಾರಿಸುವ ನಾವು, ನಾವಿರುವ ವಾರ್ಡಿನ ಚರಂಡಿಗೆ ಎಷ್ಟು ದುಡ್ಡು ಇಟ್ಟಿದ್ದಾರೆ ಅಂತ ನೋಡುವುದಿಲ್ಲ.

ಈ ವರ್ಷಾವಧಿ ಲೆಕ್ಕ ಒಪ್ಪಿಸುವ ಪದ್ಧತಿ ಈ ಮೂರು ಊರುಗಳಲ್ಲಿ ಬೆಳೆದು ಬಂದ ಕಥೆ ಸ್ವಾರಸ್ಯವಾಗಿದೆ. ಅದನ್ನು ಓದುತ್ತಾ ಹೋದ ಹಾಗೆ ನನಗೆ ಒಂದು ಸಂಗತಿ ಸ್ಪಷ್ಟವಾಯಿತು. ಲೆಕ್ಕ ಬರೆಯುವವರು ಎಲ್ಲ ಕಾಲದಲ್ಲೂ ಇದ್ದರು. ಕೇಳುವವರು ಇದ್ದಾಗ ಮಾತ್ರ ಊರು ಬದಲಾಗಿದೆ.

ಗೋಡೆಯಿಂದ ಶುರುವಾದ ಲೆಕ್ಕ

ಹಳೆಯ ಗುಜರಾತಿ ಹಿರಿಯರು ಮ್ಯುನಿಸಿಪಾಲಿಟಿಗೆ 'ಸುಧರಾಈ' ಅನ್ನುತ್ತಾರೆ. ನಮ್ಮ 'ಸುಧಾರಣೆ'ಯ ಬಂಧುವೇ. ಎಷ್ಟು ಅರ್ಥಪೂರ್ಣ ನೋಡಿ, ಊರನ್ನು ಸುಧಾರಿಸುವ ಸಂಸ್ಥೆ!

ಅಹಮದಾಬಾದಿನ ಸುಧರಾಈ ಹುಟ್ಟಿದ್ದು ಕೋಟೆಗೋಡೆಯ ರಿಪೇರಿಯಿಂದ. ಬ್ರಿಟಿಷರ ಕೈಗೆ ಬಂದಾಗ ಊರಿನ ಸುತ್ತಲಿನ ಗೋಡೆ ಅಲ್ಲಲ್ಲಿ ಬಿದ್ದಿತ್ತು, ಕಳ್ಳರ ಭಯ ಇತ್ತು. 1830ರ ದಶಕದಲ್ಲಿ ಅಧಿಕಾರಿಗಳೂ ಊರಿನ ಪ್ರಮುಖರೂ ಸೇರಿದ ಒಂದು ಸಮಿತಿ ತುಪ್ಪ ಮುಂತಾದ ಸರಕಿನ ಮೇಲೆ ಸಣ್ಣ ಸುಂಕ ಹಾಕಿ ಗೋಡೆ ಸರಿಮಾಡಿಸಿತು. ಕೆಲಸ ಆದಮೇಲೂ ಹಣ ಬರುತ್ತಿತ್ತು. ಅದು ರಸ್ತೆಗೆ ನೀರು ಹಾಕುವುದಕ್ಕೆ, ದೀಪಕ್ಕೆ ಅಂತ ಹೋಯಿತು. ಮುಂದೆ 1850ರ ದಶಕದ ಕೊನೆಗೆ ಅದೇ ಮ್ಯುನಿಸಿಪಲ್ ಆಡಳಿತದ ರೂಪಕ್ಕೆ ಬಂತು. ಸೂರತ್ತಿನ ಮ್ಯುನಿಸಿಪಾಲಿಟಿ ಇನ್ನೂ ಸ್ವಲ್ಪ ಹಳೆಯದು, 1852ರದ್ದು.

ತುಪ್ಪ ಕೊಂಡವನು ಗೋಡೆಗೆ ದುಡ್ಡು ಕೊಟ್ಟ, ಕಣ್ಣೆದುರಿಗೆ ಗೋಡೆ ಎದ್ದಿತು. ಕೊಟ್ಟ ದುಡ್ಡು ಎಲ್ಲಿ ಹೋಯಿತು ಅಂತ ಕೇಳುವ ಅಗತ್ಯವೇ ಇರಲಿಲ್ಲ. ತೊಂದರೆ ಶುರುವಾದದ್ದು ಕಣ್ಣಿಗೆ ಕಾಣದ ಕೆಲಸಗಳ ಕಾಲಕ್ಕೆ, ಅಂದರೆ ನೆಲದೊಳಗಿನ ನೀರಿನ ಕೊಳವೆ ಮತ್ತು ಚರಂಡಿ.

ರಣಛೋಡಲಾಲ್ ಛೋಟಾಲಾಲ್ ಅವರ ಹೆಸರು ಕೇಳಿರಬಹುದು. ಅಹಮದಾಬಾದಿನ ಮೊದಲ ಬಟ್ಟೆ ಗಿರಣಿಯನ್ನು 1861ರಲ್ಲಿ ಚಾಲೂ ಮಾಡಿದವರು. 1885ರಲ್ಲಿ ಅವರು ಮ್ಯುನಿಸಿಪಾಲಿಟಿಯ ಮೊದಲ ಭಾರತೀಯ ಅಧ್ಯಕ್ಷರಾದರು. ಊರಿಗೆ ನಲ್ಲಿ ನೀರು ಬೇಕು, ಒಳಚರಂಡಿ ಬೇಕು ಅಂತ ಹಟ ಹಿಡಿದರು. ಜನರ ವಿರೋಧ ಜೋರಾಗಿಯೇ ಇತ್ತು. ಪೋಳಗಳ ಮನೆಗಳ ಕೆಳಗೆ ಮಳೆನೀರು ಹಿಡಿದಿಡುವ ಟಾಂಕಾಗಳಿದ್ದವು. ನಮ್ಮ ನೀರು ನಮಗಿದೆ, ಹೊಸ ತೆರಿಗೆ ಯಾಕೆ ಅನ್ನುವುದು ವಾದ. ಆದರೆ ಟಾಂಕಾ ಇಲ್ಲದ ಬಡವರಿಗೆ ಬಾವಿಯ ನೀರೇ ಗತಿ, ಪಕ್ಕದಲ್ಲೇ ಪಾಯಖಾನೆಯ ಗುಂಡಿ. ಕಾಲರಾ ಬಂದಾಗ ಸಾಯುತ್ತಿದ್ದವರು ಯಾರು ಅಂತ ಬೇರೆ ಹೇಳಬೇಕಿಲ್ಲ. 1891ರಲ್ಲಿ ದೂಧೇಶ್ವರದಿಂದ ಕೊಳವೆ ನೀರು ಬಂತು. ಇವತ್ತಿಗೂ ಆ ಜಾಗದಲ್ಲಿ ವಾಟರ್ ವರ್ಕ್ಸ್ ಇದೆ.

ಆ ಕಾಲದಲ್ಲಿ ಪ್ರತಿ ಮ್ಯುನಿಸಿಪಾಲಿಟಿಯೂ ವರ್ಷಕ್ಕೊಮ್ಮೆ ಮುಂಬೈ ಸರ್ಕಾರಕ್ಕೆ ವರದಿ ಕಳಿಸಬೇಕಿತ್ತು. ಅವೆಲ್ಲವನ್ನೂ ಸೇರಿಸಿ ಸರ್ಕಾರ ತೆರಿಗೆ ಮತ್ತು ಖರ್ಚಿನ ಒಂದು ವಾರ್ಷಿಕ ಸಂಪುಟ ತರುತ್ತಿತ್ತು. ಅದರಲ್ಲಿ ಅಹಮದಾಬಾದ್, ಸೂರತ್ ಇದ್ದ ಹಾಗೆ ನಮ್ಮ ಧಾರವಾಡ, ಹುಬ್ಬಳ್ಳಿ, ಬೆಳಗಾವಿಗಳೂ ಇರುತ್ತಿದ್ದವು. ಎಲ್ಲವೂ ಮುಂಬೈ ಪ್ರಾಂತವೇ ತಾನೆ? ತಲೆಗೆ ಎಷ್ಟು ತೆರಿಗೆ, ನೀರಿಗೆ ಎಷ್ಟು, ಶಾಲೆಗೆ ಎಷ್ಟು ಅಂತ ಊರುಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಏರ್ಪಾಡು. ಇವತ್ತು ಸ್ವಚ್ಛ ಸರ್ವೇಕ್ಷಣದಲ್ಲಿ ನಮ್ಮೂರಿಗೆ ಎಷ್ಟನೆಯ ಸ್ಥಾನ ಅಂತ ಕಾಯುತ್ತೇವಲ್ಲ, ಅದರ ಮುತ್ತಾತ ಅನ್ನಿ.

ಆದರೆ ಆ ವರದಿ ಯಾರಿಗೆ? ಕಲೆಕ್ಟರಿಗೆ, ಕಮಿಷನರಿಗೆ, ಮುಂಬೈಗೆ. ಇಂಗ್ಲಿಷಿನಲ್ಲಿ. ದುಡ್ಡು ಕೊಟ್ಟವನ ಕೈಗೆ ಅದು ಬರುತ್ತಿರಲಿಲ್ಲ.

ವಲ್ಲಭಭಾಯಿ ಎತ್ತಿದ ಪ್ರಶ್ನೆ

1917ರಲ್ಲಿ ವಕೀಲ ವಲ್ಲಭಭಾಯಿ ಪಟೇಲರು ಅಹಮದಾಬಾದ್ ಮ್ಯುನಿಸಿಪಾಲಿಟಿಗೆ ಆಯ್ಕೆಯಾಗಿ ಬಂದರು. ಅವರನ್ನು ಇಡೀ ದೇಶ ಮುಂದೆ ಬೇರೆ ಕಾರಣಕ್ಕೆ ನೆನಪಿಟ್ಟುಕೊಂಡಿತು. ಆದರೆ ಆಡಳಿತದ ಪಾಠ ಅವರು ಕಲಿತದ್ದು ಇಲ್ಲಿನ ಕಸ, ಚರಂಡಿ, ನೀರಿನ ಫೈಲುಗಳಲ್ಲಿ.

ಅಸಹಕಾರ ಚಳವಳಿಯ ಹೊತ್ತಿಗೆ ಒಂದು ದೊಡ್ಡ ಜಗಳವಾಯಿತು. ಮ್ಯುನಿಸಿಪಾಲಿಟಿ ತನ್ನ ಪ್ರಾಥಮಿಕ ಶಾಲೆಗಳಿಗೆ ಸರ್ಕಾರದ ಅನುದಾನ ಬೇಡ, ಸರ್ಕಾರದ ತಪಾಸಣೆಯೂ ಬೇಡ ಅಂದಿತು. ತೆರಿಗೆ ಕೊಡುವವರು ಊರಿನ ಜನ, ಶಾಲೆ ಊರಿನ ಮಕ್ಕಳದ್ದು, ಹಾಗಿದ್ದ ಮೇಲೆ ನಾವು ಲೆಕ್ಕ ಒಪ್ಪಿಸಬೇಕಾದದ್ದು ಯಾರಿಗೆ? ಪ್ರಶ್ನೆ ಅಷ್ಟೇ. ಸರ್ಕಾರ 1922ರಲ್ಲಿ ಮ್ಯುನಿಸಿಪಾಲಿಟಿಯನ್ನೇ ಅಮಾನತು ಮಾಡಿತು. ಶಾಲೆಗಳಿಗೆ ಖರ್ಚಾದ ಹಣವನ್ನು ಸದಸ್ಯರೇ ಕೈಯಿಂದ ಕಟ್ಟಿಕೊಡಬೇಕು ಅಂತ ಕೋರ್ಟಿಗೂ ಹೋಯಿತು, ಆದರೆ ಗೆಲ್ಲಲಿಲ್ಲ. 1924ರಲ್ಲಿ ಮತ್ತೆ ಚುನಾವಣೆಯಾಗಿ ವಲ್ಲಭಭಾಯಿ ಅಧ್ಯಕ್ಷರಾದರು, 1928ರವರೆಗೆ ಇದ್ದರು. 1927ರ ಮಹಾಮಳೆ, ಪ್ರವಾಹದ ಕಾಲವೂ ಅವರ ಅವಧಿಯಲ್ಲೇ.

1928ರಲ್ಲಿ ಅಧ್ಯಕ್ಷ ಸ್ಥಾನ ಬಿಟ್ಟು ಅವರು ಹೋದದ್ದು ಸೂರತ್ ಜಿಲ್ಲೆಯ ಬಾರ್ಡೋಲಿಗೆ. ಆ ಸತ್ಯಾಗ್ರಹದ ಕಥೆ ನಿಮಗೆಲ್ಲ ಗೊತ್ತು. ನನ್ನಂಥ ಲೆಕ್ಕದವನಿಗೆ ಅದರಲ್ಲಿ ಕಾಣುವುದು ಒಂದು ಸುಳ್ಳು ಲೆಕ್ಕದ ಕಥೆ. ಸರ್ಕಾರ ಭೂಕಂದಾಯವನ್ನು ಶೇ. 22ರಷ್ಟು ಏರಿಸಿತ್ತು. ಜಮೀನಿನ ಗೇಣಿ, ಮಾರಾಟದ ಅಂಕಿಗಳನ್ನು ನೋಡಿ ರೈತರ ಸ್ಥಿತಿ ಸುಧಾರಿಸಿದೆ ಅಂತ ವರದಿ ಬರೆದಿದ್ದರು. ಹೋರಾಟದ ನಂತರ ಬ್ರೂಮ್‌ಫೀಲ್ಡ್ ಮತ್ತು ಮ್ಯಾಕ್ಸ್‌ವೆಲ್ ಎಂಬ ಇಬ್ಬರು ಅಧಿಕಾರಿಗಳ ವಿಚಾರಣೆ ನಡೆಯಿತು. ಆ ಅಂಕಿಗಳನ್ನು ಸರಿಯಾಗಿ ಪರೀಕ್ಷೆ ಮಾಡಿಯೇ ಇಲ್ಲ ಅಂತ ಹೊರಬಿತ್ತು, ಏರಿಕೆ ಶೇ. 6ರ ಸುಮಾರಿಗೆ ಇಳಿಯಿತು. ಅಚ್ಚಾದ ವರದಿ, ಅದರಲ್ಲಿ ಕಾಲಂ, ಕಾಲಂ ತುಂಬ ಅಂಕಿ, ಕೆಳಗೆ ದೊಡ್ಡವರ ರುಜು. ಇಷ್ಟಿದ್ದರೂ ಲೆಕ್ಕ ತಪ್ಪು. ಅದು ತಿಳಿದದ್ದು ರೈತರು ಪ್ರಶ್ನೆ ಕೇಳಿದ್ದರಿಂದ.

ಬರೋಡಾದ ವರದಿ, ಮೈಸೂರಿನ ದಸರಾ

ಈಗ ವಡೋದರಾಕ್ಕೆ ಬರೋಣ. ಬ್ರಿಟಿಷ್ ಪ್ರಾಂತವಾಗಿದ್ದ ಅಹಮದಾಬಾದ್, ಸೂರತ್ತಿಗಿಂತ ಇದರ ದಾರಿ ಬೇರೆ. ಇದು ಗಾಯಕವಾಡರ ಸಂಸ್ಥಾನ, ನಮ್ಮ ಮೈಸೂರಿನ ಹಾಗೆ.

1875ರಲ್ಲಿ ಮಲ್ಹಾರರಾವ್ ಗಾಯಕವಾಡರನ್ನು ಬ್ರಿಟಿಷರು ಗಾದಿಯಿಂದ ಇಳಿಸಿದರು. ಅದೇ ವರ್ಷ ನಾಸಿಕದ ಕಡೆಯ ಕವಲಾಣಾ ಎಂಬ ಹಳ್ಳಿಯ ಒಬ್ಬ ಹುಡುಗನನ್ನು ದತ್ತು ತಂದು ಪಟ್ಟ ಕಟ್ಟಿದರು. ಅವರೇ ಮೂರನೆಯ ಸಯಾಜಿರಾವ್. ಅವರು ದೊಡ್ಡವರಾಗುವವರೆಗೆ ಆಡಳಿತ ನಡೆಸಿದವರು ದಿವಾನ್ ಟಿ. ಮಾಧವರಾವ್. ಬರೋಡಾದ ವಾರ್ಷಿಕ ಆಡಳಿತ ವರದಿಗಳು ಅವರ ಕಾಲದಿಂದ ಅಚ್ಚಾಗತೊಡಗಿದವು. ಕಂದಾಯ, ಪೊಲೀಸು, ನ್ಯಾಯಾಲಯ, ಜೈಲು, ಆಸ್ಪತ್ರೆ, ದೇವಿ ಹಾಕಿದ್ದು, ಶಾಲೆ, ರಸ್ತೆ ಅಂತ ಅಧ್ಯಾಯ ಅಧ್ಯಾಯವಾಗಿ.

1881 ಅನ್ನುವ ಇಸವಿಯನ್ನು ಗಮನಿಸಿ. ಆ ವರ್ಷ ಮಾರ್ಚಿನಲ್ಲಿ ಬ್ರಿಟಿಷರು ಮೈಸೂರನ್ನು ಒಡೆಯರಿಗೆ ಮರಳಿಸಿದರು. ಡಿಸೆಂಬರಿನಲ್ಲಿ ಬರೋಡಾದಲ್ಲಿ ಸಯಾಜಿರಾಯರ ಕೈಗೆ ಪೂರ್ಣಾಧಿಕಾರ ಬಂತು. ಎರಡೂ ಸಂಸ್ಥಾನಗಳ ಹೊಸ ಲೆಕ್ಕದ ಪುಸ್ತಕ ಒಂದೇ ವರ್ಷ ತೆರೆಯಿತು ಅನ್ನಬಹುದು. ಆದರೆ ಮೈಸೂರು ಇನ್ನೊಂದು ಹೆಜ್ಜೆ ಮುಂದೆ ಇಟ್ಟಿತು. ದಿವಾನ್ ರಂಗಾಚಾರ್ಲು ಅವರು 1881ರ ಅಕ್ಟೋಬರಿನಲ್ಲಿ, ದಸರೆಗೆ ಊರೂರಿಂದ ಬಂದ ರೈತರು, ವ್ಯಾಪಾರಿಗಳು 144 ಮಂದಿಯನ್ನು ಕೂರಿಸಿ ಪ್ರಜಾಪ್ರತಿನಿಧಿ ಸಭೆ ನಡೆಸಿದರು. ಬೊಕ್ಕಸಕ್ಕೆ ಏನು ಬಂತು, ಯಾವುದಕ್ಕೆ ಖರ್ಚಾಯಿತು, ಮುಂದೆ ಏನು ಮಾಡಬೇಕೆಂದಿದ್ದೇವೆ ಅಂತ ದಿವಾನರು ಹೇಳಿದರು. ಮುಂದೆ ಪ್ರತಿ ದಸರೆಗೂ ಇದು ನಡೆಯಿತು. ಸದಸ್ಯರಿಗೆ ಅಧಿಕಾರ ಏನೂ ಇರಲಿಲ್ಲ, ಅಹವಾಲು ಹೇಳಿಕೊಳ್ಳಬಹುದಿತ್ತು ಅಷ್ಟೆ. ಆದರೂ ನಮ್ಮ ಕೆರೆ ಏರಿ ಒಡೆದು ಎಷ್ಟು ವರ್ಷವಾಯಿತು ಅಂತ ದಿವಾನರನ್ನು ಎದುರಿಗೇ ಕೇಳಬಹುದಾದ ಒಂದು ಜಾಗ ಹುಟ್ಟಿತು. ಊರಿನ ಸರವೈಯುವನ್ನು ಹಬ್ಬದ ಜೊತೆ ಕಟ್ಟಿದ್ದು ನಮ್ಮ ಮೈಸೂರು. ಗುಜರಾತಿಗಳ ಚೋಪಡಾ ಪೂಜೆಗೆ ನಮ್ಮ ಉತ್ತರ ಇದು ಅಂತ ಇಲ್ಲಿನ ಸ್ನೇಹಿತರಿಗೆ ನಾನು ಹೇಳುವುದುಂಟು!

ಎರಡು ಸಂಸ್ಥಾನಗಳ ನಡುವೆ ಜನರ ಓಡಾಟವೂ ಇತ್ತು. 1906ರಿಂದ 1909ರವರೆಗೆ ಮೈಸೂರಿನ ದಿವಾನರಾಗಿದ್ದ ವಿ.ಪಿ. ಮಾಧವರಾಯರು ನಂತರ ಬರೋಡಾಕ್ಕೂ ದಿವಾನರಾಗಿ ಬಂದರು. ಇನ್ನು ನಮ್ಮ ವಿಶ್ವೇಶ್ವರಯ್ಯನವರು ದಿವಾನರಾಗುವುದಕ್ಕೆ ಬಹಳ ಮೊದಲು, 1890ರ ದಶಕದಲ್ಲಿ, ಸ್ವಲ್ಪ ಕಾಲ ಸೂರತ್ತಿನಲ್ಲಿ ಇಂಜಿನಿಯರಾಗಿದ್ದರು.

ಬರೋಡಾದ ವರದಿಗಳನ್ನು ಓದುವವರು ಮುಖ್ಯವಾಗಿ ಮಹಾರಾಜರು ಮತ್ತು ಬ್ರಿಟಿಷ್ ರೆಸಿಡೆಂಟರು. ಪ್ರಜೆಗಳಲ್ಲ. ಅದು ಅದರ ಕೊರತೆ. ಆದರೆ ಸಯಾಜಿರಾಯರು ಅಂಕಿಗಳನ್ನು ನಿಜವಾಗಿಯೂ ಓದುತ್ತಿದ್ದ ರಾಜ. ಅದು ಆ ರಾಜ್ಯದ ಅದೃಷ್ಟ. ಅಜ್ವಾ ಸರೋವರದಿಂದ ಊರಿಗೆ ನೀರು ತಂದದ್ದು 1890ರ ದಶಕದ ಆರಂಭದಲ್ಲಿ. 1893ರಲ್ಲಿ ಅಮ್ರೇಲಿ ತಾಲೂಕಿನಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣ ಜಾರಿಮಾಡಿ ನೋಡಿದರು. ಏನು ನಡೆಯುತ್ತದೆ, ಏನು ನಡೆಯುವುದಿಲ್ಲ ಅಂತ ಹದಿಮೂರು ವರ್ಷ ಗಮನಿಸಿ 1906ರಲ್ಲಿ ಇಡೀ ರಾಜ್ಯಕ್ಕೆ ತಂದರು. 1910ರಲ್ಲಿ ಅಮೆರಿಕದಿಂದ ಬೋರ್ಡನ್ ಎಂಬ ಗ್ರಂಥಪಾಲಕರನ್ನು ಕರೆಸಿ ಊರೂರಿಗೆ ಪುಸ್ತಕದ ಪೆಟ್ಟಿಗೆ ಕಳಿಸುವ ಸಂಚಾರಿ ಗ್ರಂಥಾಲಯ ಕಟ್ಟಿದರು.

ಆ ರಾಜ್ಯದ ಅಂಕಿಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಒಂದು. 1891ರ ಜನಗಣತಿಯಲ್ಲಿ ಬರೋಡಾ ರಾಜ್ಯದ ಜನಸಂಖ್ಯೆ 24 ಲಕ್ಷದ ಮೇಲಿತ್ತು. 1901ರಲ್ಲಿ ಅದು 19.5 ಲಕ್ಷ. ನಡುವೆ ಬಂದದ್ದು ಇಲ್ಲಿನ ಹಿರಿಯರು 'ಛಪ್ಪನಿಯೋ' ಅಂತ ಕರೆಯುವ, ವಿಕ್ರಮ ಸಂವತ್ 1956ರ ಭೀಕರ ಬರ. ಹತ್ತು ವರ್ಷದಲ್ಲಿ ನಾಲ್ಕೂವರೆ ಲಕ್ಷಕ್ಕೂ ಮಿಕ್ಕು ಜನ ಕಡಿಮೆ. ನಷ್ಟವನ್ನು ನಷ್ಟ ಅಂತಲೇ ಅಚ್ಚು ಹಾಕುವುದಕ್ಕೂ ಧೈರ್ಯ ಬೇಕು. ಲಾಭದ ವರ್ಷದಲ್ಲಿ ಬ್ಯಾಲೆನ್ಸ್ ಶೀಟ್ ಯಾರು ಬೇಕಾದರೂ ಹೊರಗೆ ತರುತ್ತಾರೆ.

ಅಂದ ಹಾಗೆ, 1908ರಲ್ಲಿ ಸಯಾಜಿರಾಯರ ಆಶ್ರಯದಲ್ಲೇ ಬ್ಯಾಂಕ್ ಆಫ್ ಬರೋಡಾ ಹುಟ್ಟಿತು. ಅದರೊಳಗೆ 2019ರಲ್ಲಿ ಮಂಗಳೂರಿನ ವಿಜಯಾ ಬ್ಯಾಂಕು ವಿಲೀನವಾಯಿತು. ಆಗ ನಮ್ಮ ಕರಾವಳಿಯ ಎಷ್ಟೋ ಜನರ ಸಂಬಳದ ಚೀಟಿಯ ಮೇಲೆ ಬರೋಡಾದ ಹೆಸರು ಬಂತು. ಇರಲಿ, ಅದು ಬೇರೆಯೇ ಲೇಖನ.

ಸೂರತ್ತಿನಲ್ಲಿ ಲೆಕ್ಕಕ್ಕೆ ಬಾರದವರು

ಸ್ವಾತಂತ್ರ್ಯ ಬಂತು. 1950ರಲ್ಲಿ ಅಹಮದಾಬಾದ್, 1966ರಲ್ಲಿ ಸೂರತ್ ಮಹಾನಗರ ಪಾಲಿಕೆಗಳಾದವು. ಬಜೆಟ್, ವರದಿ ಎಲ್ಲ ಕ್ರಮವಾಗಿ ನಡೆಯುತ್ತಿದ್ದವು. ಜನರಿಂದಲೇ ಆಯ್ಕೆಯಾದವರು ಸಭೆಯಲ್ಲಿ ಕೂತಿದ್ದರು. ಇನ್ನೇನು ಬೇಕು ಅನ್ನುವ ಹೊತ್ತಿಗೆ 1994 ಬಂತು.

ಆ ವರ್ಷ ಮಳೆ ವಿಪರೀತ, ತಾಪಿ ನದಿ ಉಕ್ಕಿ ಕೆಳಗಿನ ಬಡಾವಣೆಗಳಿಗೆ ನುಗ್ಗಿತು. ನೀರು ಇಳಿದಾಗ ಕೊಳೆತ ಕಸ, ಸತ್ತ ಪ್ರಾಣಿಗಳು. ಸೆಪ್ಟೆಂಬರಿನಲ್ಲಿ ವೇಡ್ ರೋಡ್ ಕಡೆಯಿಂದ ಪ್ಲೇಗಿನ ಸುದ್ದಿ. ಲಕ್ಷಾಂತರ ಜನ ರೈಲು, ಬಸ್ಸು, ಲಾರಿ ಸಿಕ್ಕಿದ್ದು ಹತ್ತಿ ಓಡಿದರು. ಇಡೀ ದೇಶದಲ್ಲಿ ಶಂಕಿತ ಪ್ರಕರಣಗಳು 693, ಸಾವು 56 ಅಂತ ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಕೊಟ್ಟಿತು. ಸಂಖ್ಯೆ ಚಿಕ್ಕದು, ಭಯ ದೊಡ್ಡದು. ಗುಜರಾತಿನಲ್ಲಿದ್ದ ಕನ್ನಡಿಗರಿಗೆಲ್ಲ ಊರಿನಿಂದ ಎಸ್‌ಟಿಡಿ ಕರೆಗಳು, "ಮೊದಲು ಹೊರಟು ಬನ್ನಿ" ಅಂತ. ವಿದೇಶದವರು ನಮ್ಮ ವಿಮಾನಗಳನ್ನೇ ಬೇಡ ಅಂದರು.

ಹೇಗೆ ಆಯಿತು ಇದು? ವಜ್ರ ಉಜ್ಜುವ, ಜರಿ, ಸೀರೆ ಮಾಡುವ ಸೂರತ್ ಬಡ ಊರಲ್ಲ. ದುಡ್ಡಿನ ಕೊರತೆ ಮುಖ್ಯ ಕಾರಣವಾಗಿರಲಿಲ್ಲ. ಒಡಿಶಾ, ಮಹಾರಾಷ್ಟ್ರ, ಉತ್ತರ ಪ್ರದೇಶ, ಸೌರಾಷ್ಟ್ರದಿಂದ ಮಗ್ಗಕ್ಕೆ, ವಜ್ರಕ್ಕೆ ಅಂತ ಜನ ಬಂದು ಸೇರುತ್ತಲೇ ಇದ್ದರು. ಅವರು ಇರುತ್ತಿದ್ದ ಗುಡಿಸಲು ಬಡಾವಣೆಗಳು ನಕ್ಷೆಯಲ್ಲಿ ಇಲ್ಲ, ತೆರಿಗೆ ಪಟ್ಟಿಯಲ್ಲಿ ಇಲ್ಲ, ಹೆಚ್ಚಿನವರ ಹೆಸರು ಮತದಾರರ ಪಟ್ಟಿಯಲ್ಲೂ ಇಲ್ಲ. ಹಾಗಾದ ಮೇಲೆ ಕಸ ತೆಗೆಯುವವರ ಪಟ್ಟಿಯಲ್ಲಿ ಹೇಗೆ ಬಂದಾರು? ಪ್ರತಿವರ್ಷ ಊರಿನ ಸರವೈಯು ತಯಾರಾಗುತ್ತಿತ್ತು. ಅದರಲ್ಲಿ ಈ ಜನ ಜಮೆಯಲ್ಲೂ ಇರಲಿಲ್ಲ, ಖರ್ಚಿನಲ್ಲೂ ಇರಲಿಲ್ಲ. ರೋಗ ಮಾತ್ರ ಪಟ್ಟಿ ನೋಡಿ ಬರಲಿಲ್ಲ.

1995ರ ಮೇ ತಿಂಗಳಲ್ಲಿ ಎಸ್.ಆರ್. ರಾವ್ ಕಮಿಷನರಾಗಿ ಬಂದರು. ಅವರು ಮಾಡಿದ್ದನ್ನು ಆಡಳಿತದ ತರಗತಿಗಳಲ್ಲಿ ಈಗಲೂ ಪಾಠ ಹೇಳುತ್ತಾರೆ. ಊರನ್ನು ಆರು ವಲಯ ಮಾಡಿ, ಪ್ರತಿಯೊಂದಕ್ಕೂ ಅಧಿಕಾರವಿರುವ ಒಬ್ಬ ಹಿರಿಯ ಅಧಿಕಾರಿಯನ್ನು ಇಟ್ಟರು. ಬೆಳಿಗ್ಗೆ ಎಲ್ಲರೂ ಬೀದಿಯಲ್ಲಿರಬೇಕು. ಮಧ್ಯಾಹ್ನ ಸೇರಿ ಕಂಡದ್ದನ್ನು ಹೇಳಬೇಕು, ನಿನ್ನೆ ಹೇಳಿದ್ದು ಇವತ್ತು ಆಯಿತೋ ಇಲ್ಲವೋ ಹೇಳಬೇಕು. ಇದಕ್ಕೆ 'ಎ.ಸಿ.ಯಿಂದ ಡಿ.ಸಿ.ಗೆ' ಅಂತ ಹೆಸರು. ಏರ್ ಕಂಡಿಷನ್ ಕೋಣೆಯಿಂದ ದಿನನಿತ್ಯದ ಕೆಲಸಕ್ಕೆ ಅಂತ ಅರ್ಥ. ಕಸ ಎಸೆದವರಿಗೆ ದಂಡ, ಅಕ್ರಮ ಕಟ್ಟಡ ಯಾರದ್ದೇ ಆದರೂ ತೆರವು, ರಾತ್ರಿ ಹೊತ್ತು ರಸ್ತೆ ಗುಡಿಸುವುದು, ಗುಡಿಸಲು ಬಡಾವಣೆಗಳಿಗೂ ಕಲ್ಲು ಹಾಸು, ನೀರು, ದೀಪ. ಆಸ್ಪತ್ರೆಗಳಿಂದ ದಿನದಿನವೂ ರೋಗಿಗಳ ಲೆಕ್ಕ. 1996ರಲ್ಲಿ ಇಂಟ್ಯಾಕ್ ಸಂಸ್ಥೆಯ ಸಮೀಕ್ಷೆಯಲ್ಲಿ ಸೂರತ್ ಚಂಡೀಗಢದ ನಂತರ ದೇಶದ ಎರಡನೆಯ ಸ್ವಚ್ಛ ನಗರ ಅನ್ನಿಸಿಕೊಂಡಿತು. ಇನ್ನೊಂದು ಊರಿಂದ ನೌಕರರನ್ನು ತರಿಸಲಿಲ್ಲ. ಅದೇ ಪಾಲಿಕೆ, ಅದೇ ಪೊರಕೆ.

ವ್ಯತ್ಯಾಸ ಎಲ್ಲಿ? ವರ್ಷಕ್ಕೊಮ್ಮೆ ಬರೆಯುತ್ತಿದ್ದ ಲೆಕ್ಕವನ್ನು ದಿನಕ್ಕೊಮ್ಮೆ ಕೇಳತೊಡಗಿದರು. ಬ್ಯಾಂಕಿನಲ್ಲಿ ಮಾರ್ಚ್ 31ರ ಕ್ಲೋಸಿಂಗ್ ಸರಿಯಾಗಬೇಕಾದರೆ ಪ್ರತಿದಿನ ಸಂಜೆ ಕ್ಯಾಶ್ ಟ್ಯಾಲಿಯಾಗಬೇಕು. ಹೊಸದಾಗಿ ಸೇರಿದ ಕ್ಲರ್ಕಿಗೂ ಗೊತ್ತಿರುವ ಮಾತು ಇದು. ಪಾಲಿಕೆಗೂ ಬೇರೆ ಮಂತ್ರ ಇಲ್ಲ.

ಈ ಅಭ್ಯಾಸ ರಾವ್ ಅವರ ವರ್ಗಾವಣೆಯ ನಂತರವೂ ಬಹುಮಟ್ಟಿಗೆ ಉಳಿಯಿತು. 2006ರ ಆಗಸ್ಟಿನಲ್ಲಿ ಉಕಾಯಿ ಅಣೆಕಟ್ಟಿನ ನೀರಿಗೆ ಊರಿನ ಬಹುಭಾಗ ಮುಳುಗಿತು, ಆದರೆ 1994ರ ಹಾಗೆ ಊರಿಗೆ ಊರೇ ರೋಗಕ್ಕೆ ಹೆದರಿ ಓಡಲಿಲ್ಲ. 2001ರಲ್ಲಿ 24 ಲಕ್ಷ ಇದ್ದ ಜನಸಂಖ್ಯೆ 2011ಕ್ಕೆ 44 ಲಕ್ಷ ದಾಟಿತು. ಆದರೂ 2023ರ ಸ್ವಚ್ಛ ಸರ್ವೇಕ್ಷಣದಲ್ಲಿ ಸೂರತ್ ಇಂದೋರಿನ ಜೊತೆ ಮೊದಲ ಸ್ಥಾನ ಹಂಚಿಕೊಂಡಿತು. 2025ರ ಜುಲೈನಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಹತ್ತು ಲಕ್ಷ ಮೀರಿದ ಊರುಗಳ ಪೈಕಿ ಅಹಮದಾಬಾದ್ ಮೊದಲು ಬಂತು.

ಊರಿಗೆ ಸಾಲ ಕೊಟ್ಟವರ ಪ್ರಶ್ನೆಗಳು

ಅಹಮದಾಬಾದಿನ ಸುಧಾರಣೆಯ ಎರಡನೆಯ ಅಧ್ಯಾಯ ಪ್ಲೇಗಿನಿಂದ ಅಲ್ಲ, ಸಾಲದಿಂದ ಬಂತು. 1990ರ ದಶಕದ ಆರಂಭದಲ್ಲಿ ಪಾಲಿಕೆ ನಷ್ಟದಲ್ಲಿತ್ತು. ಆಗ ಮುಖ್ಯ ಆದಾಯ ಆಕ್ಟ್ರಾಯ್, ಅಂದರೆ ಊರೊಳಗೆ ಬರುವ ಸರಕಿನ ಮೇಲಿನ ಸುಂಕ. (ಗುಜರಾತಿನಲ್ಲಿ ಅದನ್ನು ತೆಗೆದದ್ದು 2007ರಲ್ಲಿ.) ನಾಕಾಗಳಲ್ಲಿ ಸೋರಿಕೆ, ಆಸ್ತಿ ತೆರಿಗೆಯಲ್ಲಿ ಬಾಕಿ. 1994ರಲ್ಲಿ ಬಂದ ಕಮಿಷನರ್ ಕೇಶವ ವರ್ಮಾ ಅವರು ಎರಡೂ ಕಡೆ ಬಿಗಿ ಮಾಡಿದರು. ದೊಡ್ಡ ಬಾಕಿದಾರರ ನೀರು, ಚರಂಡಿ ಸಂಪರ್ಕ ಕಡಿಸಿದರು. ಲೆಕ್ಕಪರಿಶೋಧಕರನ್ನು, ಆಡಳಿತ ಓದಿದ ಹುಡುಗರನ್ನು ಕೆಲಸಕ್ಕೆ ತಂದರು. ಪಾಲಿಕೆ ಉಳಿತಾಯಕ್ಕೆ ಬಂತು.

1998ರ ಜನವರಿಯಲ್ಲಿ ಅಹಮದಾಬಾದ್ ಪಾಲಿಕೆ 100 ಕೋಟಿ ರೂಪಾಯಿಯ ಬಾಂಡ್ ಹೊರಡಿಸಿತು. ರಾಜ್ಯ ಸರ್ಕಾರದ ಗ್ಯಾರಂಟಿ ಇಲ್ಲದೆ ನಮ್ಮ ದೇಶದ ಪಾಲಿಕೆಯೊಂದು ಎತ್ತಿದ ಮೊದಲ ಬಾಂಡ್ ಸಾಲ ಅದು. ಅದಕ್ಕೆ ಒಂದು ವರ್ಷ ಮೊದಲು, 1997ರಲ್ಲಿ, 125 ಕೋಟಿಯ ಬಾಂಡ್ ತಂದಿದ್ದು ನಮ್ಮ ಬೆಂಗಳೂರು ಮಹಾನಗರ ಪಾಲಿಕೆ. ಅದಕ್ಕೆ ಸರ್ಕಾರದ ಗ್ಯಾರಂಟಿ ಇತ್ತು. ಈ ಒಂದು ವ್ಯತ್ಯಾಸದಲ್ಲಿ ಬಹಳ ವಿಷಯ ಇದೆ. ಗ್ಯಾರಂಟಿ ಇದ್ದರೆ ಸಾಲ ಕೊಡುವವನು ಗ್ಯಾರಂಟಿ ಕೊಟ್ಟವನ ಮುಖ ನೋಡುತ್ತಾನೆ. ಇಲ್ಲದಿದ್ದರೆ ಸಾಲ ತೆಗೆದುಕೊಳ್ಳುವವನ ಪುಸ್ತಕ ತೆರೆದು ನೋಡುತ್ತಾನೆ. ರೇಟಿಂಗ್ ಸಂಸ್ಥೆಯವರು ಬಂದು ಕೂತು ಎಷ್ಟು ತೆರಿಗೆ ಹಾಕಿದಿರಿ, ಎಷ್ಟು ವಸೂಲಾಯಿತು, ಉಳಿದದ್ದು ಯಾಕೆ ಬರಲಿಲ್ಲ ಅಂತ ಕೇಳುತ್ತಾರೆ. ನಾಗರಿಕರು ಕೇಳಬೇಕಾಗಿದ್ದ ಪ್ರಶ್ನೆಯನ್ನು ಸಾಲಗಾರ ಕೇಳಿದ. ಯಾರು ಕೇಳಿದರೂ ಕೆಲಸ ಆಗುತ್ತದೆ. ಆದರೆ ಸಾಲ ಕೊಟ್ಟವನಿಗೆ ಬೇಕಾದದ್ದು ತನ್ನ ಅಸಲು, ಬಡ್ಡಿ. ನಮ್ಮ ಬೀದಿ ದೀಪದ ವಿಷಯ ಅವನು ಕೇಳುವುದಿಲ್ಲ.

ಬೆಂಗಳೂರಿನಲ್ಲಿ ನಾಗರಿಕರೇ ಕೇಳುವ ಪ್ರಯತ್ನಗಳು ನಡೆದವು. 1994ರಲ್ಲಿ ಸ್ಯಾಮುಯೆಲ್ ಪಾಲ್ ಅವರು ಪಬ್ಲಿಕ್ ಅಫೇರ್ಸ್ ಸೆಂಟರ್ ಮೂಲಕ ಜನರನ್ನೇ ಕೇಳಿ ನೀರು, ವಿದ್ಯುತ್, ಪಾಲಿಕೆಗಳಿಗೆ ಅಂಕಪಟ್ಟಿ ಕೊಟ್ಟರು, ಮಕ್ಕಳಿಗೆ ಶಾಲೆಯಲ್ಲಿ ಕೊಡುವ ಹಾಗೆ. 1999ರಿಂದ 2004ರವರೆಗೆ ಬೆಂಗಳೂರು ಅಜೆಂಡಾ ಟಾಸ್ಕ್ ಫೋರ್ಸ್ ಇದ್ದಾಗ ಇಲಾಖೆಗಳ ಮುಖ್ಯಸ್ಥರು ಮುಖ್ಯಮಂತ್ರಿಗಳ ಮತ್ತು ಜನರ ಎದುರು ನಿಂತು ಹೇಳಿದ್ದೇನು, ಮಾಡಿದ್ದೇನು ಅಂತ ಒಪ್ಪಿಸುತ್ತಿದ್ದರು. 2002ರಲ್ಲಿ ಪಾಲಿಕೆಯ ಲೆಕ್ಕವನ್ನು ಮೂರು ತಿಂಗಳಿಗೊಮ್ಮೆ ಜನರ ಮುಂದಿಡುವ 'ಪ್ರೂಫ್' ಆಂದೋಲನ ಶುರುವಾಯಿತು. ಆದರೆ ಇವು ಕೆಲವರ ಉತ್ಸಾಹದ ಮೇಲೆ ನಿಂತಿದ್ದವು. 2020ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಸದಸ್ಯರ ಅವಧಿ ಮುಗಿಯಿತು, ಚುನಾವಣೆ ನಡೆಯಲಿಲ್ಲ. 2021ರಿಂದ ಬಜೆಟ್ಟನ್ನು ಅಧಿಕಾರಿಗಳೇ ಮಾಡಿ ಅಧಿಕಾರಿಗಳೇ ಮಂಡಿಸಿದರು. 2025ರಲ್ಲಿ ಬಿಬಿಎಂಪಿಯೇ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಐದು ಪಾಲಿಕೆಗಳು ಬಂದವು. ಸಾವಿರಾರು ಕೋಟಿಯ ಬಜೆಟ್ಟಿನ ಮೇಲೆ ನಮ್ಮ ವಾರ್ಡಿಗೆ ಏನು ಅಂತ ಕೇಳುವುದಕ್ಕೆ ಸಭೆಯಲ್ಲಿ ಒಬ್ಬ ಸದಸ್ಯನೂ ಇಲ್ಲದ ವರ್ಷಗಳು ಅವು. 1881ರ ಮೈಸೂರಿನಲ್ಲಿ ಕೇಳಲಿಕ್ಕೆ 144 ಜನ ಇದ್ದರು.

ಹಳ್ಳಿಗಳಲ್ಲಿ ಮಾತ್ರ ಒಂದು ಒಳ್ಳೆಯ ವ್ಯವಸ್ಥೆ ಕಾನೂನಿನಲ್ಲಿ ಇದೆ. ಕರ್ನಾಟಕದ 2000ದ ನಿಯಮಗಳ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯೂ ವರ್ಷಕ್ಕೊಮ್ಮೆ, ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ, ಜಮಾಬಂದಿ ನಡೆಸಬೇಕು. ಮೇಲಿನಿಂದ ಬಂದ ಅಧಿಕಾರಿಗಳು, ಊರವರು ಸೇರಿ ಪುಸ್ತಕ ನೋಡುವುದು, ಆಮೇಲೆ ಕಾಮಗಾರಿ ನಡೆದ ಜಾಗಕ್ಕೇ ಹೋಗಿ ನೋಡುವುದು. ಎಲ್ಲ ಕಡೆ ಇದು ಮನಸ್ಸಿಟ್ಟು ನಡೆಯುತ್ತದೆ ಅಂತ ನಾನು ಹೇಳಲಾರೆ. ಆದರೆ ಲೆಕ್ಕದ ಪುಸ್ತಕವನ್ನು ಕೈಯಲ್ಲಿ ಹಿಡಿದು ಚರಂಡಿಯ ಪಕ್ಕ ನಿಲ್ಲುವ ಆಲೋಚನೆ ಇದೆಯಲ್ಲ, ಅದು ದೊಡ್ಡದು. ದೊಡ್ಡ ಊರುಗಳಿಗೂ ಇಂಥದ್ದು ಬೇಕು.

ನಮ್ಮ ಪಾಲಿನದು

ಕೊನೆಗೆ ನಮ್ಮ ವಿಷಯ. ಅಹಮದಾಬಾದಿನಲ್ಲಿ 2021ರ ಪಾಲಿಕೆ ಚುನಾವಣೆಯಲ್ಲಿ ಮತ ಹಾಕಿದವರು ಅರ್ಧಕ್ಕಿಂತ ಕಡಿಮೆ. ಅದರಲ್ಲಿ ಕನ್ನಡಿಗರು ಎಷ್ಟು ಅಂತ ಯಾರೂ ಎಣಿಸಿಲ್ಲ. ನಮ್ಮ ರಾಜ್ಯೋತ್ಸವಕ್ಕೆ ಕಾರ್ಪೊರೇಟರನ್ನು ಕರೆದು ಶಾಲು ಹೊದಿಸುತ್ತೇವೆ. ಆ ದಿನ ಅವರನ್ನು ಒಂದು ಪ್ರಶ್ನೆ ಕೇಳುವುದಿಲ್ಲ, ಅತಿಥಿಗಳನ್ನು ಕೇಳುವುದು ಹೇಗೆ ಅಂತ. ಇಪ್ಪತ್ತು, ಮೂವತ್ತು ವರ್ಷ ಇಲ್ಲಿ ತೆರಿಗೆ ಕಟ್ಟಿ, ಮಕ್ಕಳನ್ನು ಇಲ್ಲೇ ಓದಿಸಿದ ಮೇಲೂ "ನಮ್ಮೂರಲ್ಲವಲ್ಲ" ಅನ್ನುವ ಮಾತು ಬಾಯಿಂದ ಹೋಗಿಲ್ಲ.

ಸೂರತ್ತಿನ ಪ್ಲೇಗು ಕಲಿಸಿದ್ದು ಇದನ್ನೇ ಅಲ್ಲವೇ? ಊರಿನ ಲೆಕ್ಕದಲ್ಲಿ ಸೇರದೆ ಉಳಿದವರಿಂದ ಇಡೀ ಊರಿಗೆ ಕಷ್ಟ ಬಂತು. ಒಡಿಶಾದ ಮಗ್ಗದ ಹುಡುಗನನ್ನು ಪಾಲಿಕೆಯೇ ಲೆಕ್ಕದಿಂದ ಹೊರಗೆ ಇಟ್ಟಿತ್ತು. ನಾವು ಓದಿದವರು, ಫ್ಲ್ಯಾಟು ಇರುವವರು, ನಾವಾಗಿಯೇ ಹೊರಗೆ ಉಳಿದಿದ್ದೇವೆ. ವಡೋದರಾದಲ್ಲಿ 2024ರ ಆಗಸ್ಟಿನಲ್ಲಿ ವಿಶ್ವಾಮಿತ್ರಿ ಉಕ್ಕಿ ಮೊಸಳೆಗಳ ಸಮೇತ ಬೀದಿಗೆ ಬಂದಾಗ ನೀರು ಯಾರ ಮಾತೃಭಾಷೆಯನ್ನೂ ವಿಚಾರಿಸಲಿಲ್ಲ. ಮರುವರ್ಷ ಬೇಸಿಗೆಯಲ್ಲಿ ನದಿಯ ಹೂಳೆತ್ತುವ ಕೆಲಸ ನಡೆಯಿತು. ಇಂಥ ಕೆಲಸ ಪ್ರವಾಹದ ನಂತರವೇ ಬಜೆಟ್ಟಿನ ಮೇಲಿನ ಸಾಲಿಗೆ ಯಾಕೆ ಬರುತ್ತದೆ, ಮೊದಲೇ ಯಾಕಿಲ್ಲ ಅನ್ನುವುದೇ ನಾವು ಪ್ರತಿ ಫೆಬ್ರವರಿಯಲ್ಲಿ ಕೇಳಬೇಕಾದ ಪ್ರಶ್ನೆ.

ಬಜೆಟ್ ಓದುವುದು ಬ್ರಹ್ಮವಿದ್ಯೆ ಏನಲ್ಲ. ಒಟ್ಟು ಎಷ್ಟು ಸಾವಿರ ಕೋಟಿ ಅನ್ನುವ ದಪ್ಪಕ್ಷರ ಬಿಟ್ಟುಬಿಡಿ. ಒಳಗೆ ಸಾಮಾನ್ಯವಾಗಿ ಮೂರು ಕಾಲಂ ಇರುತ್ತವೆ. ಹಿಂದಿನ ವರ್ಷ ನಿಜವಾಗಿ ಆದದ್ದು, ಈ ವರ್ಷದ ಪರಿಷ್ಕೃತ ಅಂದಾಜು, ಮುಂದಿನ ವರ್ಷದ ಅಂದಾಜು. ಮೊದಲು ಬಂಡವಾಳ ಕಾಮಗಾರಿಯ ಪುಟ ತೆರೆಯಿರಿ. ಕಳೆದ ಸಲ ಇಷ್ಟು ಮಾಡುತ್ತೇವೆ ಅಂದದ್ದರಲ್ಲಿ ಎಷ್ಟು ಖರ್ಚಾಗಿದೆ ನೋಡಿ. ಅರ್ಧವೂ ಆಗದೆ ಅದೇ ಕೆಲಸ ಮತ್ತೆ ಹೊಸದಾಗಿ ಬಂದಿದ್ದರೆ ಅಲ್ಲಿ ಪೆನ್ಸಿಲ್ ಗುರುತು ಹಾಕಿ. ಆಮೇಲೆ ನಿಮ್ಮ ವಾರ್ಡಿನ ಹೆಸರು ಹುಡುಕಿ. ಅರ್ಥವಾಗದ್ದನ್ನು ವಲಯ ಕಚೇರಿಯಲ್ಲಿ ಕೇಳಿ. ಕಾರ್ಪೊರೇಟರನ್ನು ಕೇಳಿ. ಇಬ್ಬರೂ ಹೇಳದಿದ್ದರೆ 2005ರಿಂದ ಮಾಹಿತಿ ಹಕ್ಕು ಕಾನೂನು ಇದ್ದೇ ಇದೆ, ಅರ್ಜಿಗೆ ಹೆಚ್ಚು ಖರ್ಚೂ ಇಲ್ಲ.

ಗುಜರಾತಿ ಓದಲು ಬಾರದವರಿಗೆ ಮನೆಯ ಮಕ್ಕಳು ಓದಿ ಹೇಳುತ್ತಾರೆ. ಅವರು ಹುಟ್ಟಿ ಬೆಳೆದದ್ದು ಇಲ್ಲೇ, ಈ ಊರಿನ ಸರವೈಯು ಮುಂದೆ ಅವರ ಲೆಕ್ಕವೇ. ಮುಂದಿನ ಫೆಬ್ರವರಿಯಲ್ಲಿ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸಂಜೆ ನಿಮ್ಮ ವಾರ್ಡಿನ ಪುಟ ತೆರೆದು ನೋಡಿ. ಏನು ಕಂಡಿತು ಅಂತ ನನಗೂ ತಿಳಿಸಿ.